ಸಾಕ್ಷಿ ಯಾರು ಹೇಳ್ತೀರಿ, ಹುಡುಗ್ರೇ? (ಭಾಗ 4)

ಸೇಡಂ, ವಾಡಿ, ಚಿಂಚೋಳಿ ಕಡೆ ಸಿಮೆಂಟ್ ಫ್ಯಾಕ್ಟರಿಗೆ ಅಪ್ರೆಂಟಿಸ್ ಹೋಗೋ ದೋಸ್ತರಿಗೆ ಇದು.

ಕ್ಯಾಂಟೀನ್‌ನಾಗ ಆರು ಮಂದಿ ಕೂತೀರಿ ಅನ್ಕೊಳ್ರಿ. ಬಾಜೂ ಟೇಬಲ್ಲಿನ ಟ್ರೇನಿಗೆ ಕೇಳೋ ಹಂಗ ಒಬ್ಬ ಹೊಲಸು ಮಾತಾಡ್ತಾನ. ಇಬ್ಬರು ನಗ್ತಾರ. ಉಳಿದವ್ರು ಮೊಬೈಲ್ ನೋಡ್ತಾರ.

ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಅಂಥ ಮಾತೂ ಕಿರುಕುಳವೇ. 10 ಅಥವಾ ಹೆಚ್ಚು ಮಂದಿ ಇರೋ ಕಡೆ ಆಂತರಿಕ ಸಮಿತಿ ಇರಲೇಬೇಕು. ಶಹಾಬಾದ್, ಚಿತ್ತಾಪುರದ ಸಣ್ಣ ಪಾಲಿಶ್ ಘಟಕದಾಗ ಅಷ್ಟು ಜನ ಇಲ್ಲಂದ್ರ, ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ. ಸಾಮಾನ್ಯವಾಗಿ 3 ತಿಂಗಳೊಳಗ ಬರೆದು ಕೊಡಬೇಕು.

ಕೊಟ್ಟಳು ಅನ್ರಿ. ಸಮಿತಿ ಕೇಳ್ತದ, ಅಲ್ಲಿ ಯಾರಿದ್ರು? ಎಲ್ಲರೂ 'ನಾ ಕೇಳಿಲ್ರಿ'! ಆಮ್ಯಾಲ ಮಾತು ಅವಳ ಮ್ಯಾಲೇ ತಿರುಗ್ತದ. ಮಾರ್ಚ್ 8ಕ್ಕ ಗುಲಾಬಿ ಕೊಡೋರೂ ಇವರೇ ನೋಡ್ರಿ.

ಬಾಯಿ ಬಿಟ್ರ ನೌಕರಿ ಹೋಗ್ತದ ಅಂತೀರಿ. ಆ ಭಯ ಖರೆ. ಅವಳಿಗೂ ಅದೇ ಭಯ ಅದ, ಆದ್ರ ಅವಳು ಒಬ್ಬಳೇ.

ಅಲ್ಲೇ 'ಸಾಕು ಬಿಡೋ' ಅನ್ರಿ. ದಿನಾಂಕ, ಟೈಮ್ ಬರೆದಿಟ್ಕೊಳ್ರಿ. ಆಮ್ಯಾಲ ಅವಳಿಗೆ ಹೇಳ್ರಿ: 'ಅಕ್ಕಾ, ನೀ ದೂರು ಕೊಟ್ರ ನಾ ಸಾಕ್ಷಿ ಹೇಳ್ತೀನಿ.'