ಅಂಗಳದ ನೀರು ಯಾರ ಮನೆಗೆ?

ಊರು ಬಿಟ್ಟು ಬಂದ ನಮ್ಮಂಥವರಿಗೆ ಮನೆ ಎಂದೊಡನೆ ಮೊದಲು ನೆನಪಾಗುವುದು ಅಂಗಳ. ಮುಂಬಯಿಯ ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದವರಾಗಲಿ, ಡೊಂಬಿವಲಿಯ ನಾಲ್ಕನೆಯ ಮಹಡಿಯಲ್ಲಿ ಡಬ್ಬದೊಳಗೆ ತುಳಸಿ ನೆಟ್ಟವರಾಗಲಿ, ಎಂದಾದರೊಂದು ದಿನ ಕಾಲೂರಲು ತುಂಡು ನೆಲವೊಂದು ಸಿಕ್ಕೀತೇ ಎಂದು ಹಂಬಲಿಸದೆ ಇರಲಾರರು. ಘಣಸೋಲಿಗೆ ಬಂದ ಮೇಲೆ ನಮಗೆ ಆ ಭಾಗ್ಯ ದೊರೆಯಿತು. ಮನೆಯ ಹಿಂದೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಬಯಲು. ಅದನ್ನು ನಾವು ಹೇಗೆ ಕೆಡಿಸಿಕೊಂಡೆವು, ಆಮೇಲೆ ಹೇಗೆ ಸರಿಪಡಿಸಿಕೊಂಡೆವು ಎಂಬುದೇ ಈ ಸಲದ ಮಾತು.

ಇದನ್ನು ಬರೆಯಲು ಕಾರಣನಾದವನು ಅಮೆರಿಕದ ಮಿನ್ನೆಸೋಟಾದಲ್ಲಿರುವ ನಮ್ಮ ಅಕ್ಕನ ಮಗ. ಹೋದ ತಿಂಗಳು ಫೋನು ಮಾಡಿದ. “ಮಾವ, ಹಿತ್ತಲಿಗೆ ಕಲ್ಲು ಹಾಸಿಸಬೇಕೆಂದಿದ್ದೇನೆ. ಮೂವರು ಗುತ್ತಿಗೆದಾರರು ಬಂದು ನೋಡಿ ಹೋದರು. ಇಬ್ಬರು ಕಲ್ಲಿನ ಬಣ್ಣಗಳ ಪುಸ್ತಕ ತೋರಿಸಿದರು. ಮೂರನೆಯವನು ಬಣ್ಣದ ಮಾತೇ ಎತ್ತಲಿಲ್ಲ. ಅಲ್ಲಲ್ಲಿ ನೆಲ ಅಗೆದು ಅರ್ಧ ಗಂಟೆ ಮಣ್ಣು ನೋಡಿದ. ಎಲ್ಲರಿಗಿಂತ ಹೆಚ್ಚು ಹಣ ಕೇಳಿದ. ಕೆಲಸ ಯಾರಿಗೆ ಕೊಡಲಿ?” ಎಂದು ಕೇಳಿದ.

“ಮಣ್ಣು ನೋಡಿದವನಿಗೆ ಕೊಡು” ಎಂದೆವು. ಇಷ್ಟು ಬೇಗ ತೀರ್ಪು ಹೇಳಲು ನಾವೇನೂ ಎಂಜಿನಿಯರರಲ್ಲ. ಒಮ್ಮೆ ಕೈ ಸುಟ್ಟುಕೊಂಡವರು, ಅಷ್ಟೆ.

ನಮ್ಮ ಕಥೆ ಹೀಗೆ. ಮಗಳ ನಿಶ್ಚಿತಾರ್ಥಕ್ಕೆ ಇನ್ನು ಇಪ್ಪತ್ತೇ ದಿನಗಳಿದ್ದವು. ಬರುವ ನೆಂಟರು ಕೆಸರು ತುಳಿಯಬಾರದೆಂದು ಹಿಂದಿನ ಬಯಲಿಗೆ ಪೇವರ್ ಬ್ಲಾಕು ಹಾಸಿಸಲು ಹೊರಟೆವು. ಕಡಿಮೆ ಹಣಕ್ಕೆ ಒಪ್ಪಿದವನೊಬ್ಬ ಸಿಕ್ಕಿದ. ಎರಡೇ ದಿನದ ಕೆಲಸ! ಮಣ್ಣನ್ನು ಸನಿಕೆಯಿಂದ ಎಳೆದು ಮಟ್ಟ ಮಾಡಿದ, ಮೇಲೆ ಒಂದಿಷ್ಟು ಮರಳು ಚೆಲ್ಲಿದ, ಬ್ಲಾಕು ಜೋಡಿಸಿದ, ಹಣ ಎಣಿಸಿಕೊಂಡು ಹೋದ. ಕೆಂಪು ಬೂದು ಬಣ್ಣದ ಆ ಸಾಲುಗಳನ್ನು ನೋಡಿ ಬೀಗರು ಮೆಚ್ಚಿದರು, ನಾವೂ ಬೀಗಿದೆವು.

ಜೂನು ಬಂತು. ನಲ್ಲಿಯ ಬಳಿ ನಾಲ್ಕು ಬ್ಲಾಕುಗಳು ಕುಸಿದವು, ಅಂಚಿನವು ಹಲ್ಲಿನಂತೆ ಅಲುಗಾಡತೊಡಗಿದವು. ಅಷ್ಟೇ ಆಗಿದ್ದರೆ ನಮ್ಮ ಹಣ ಹೋಯಿತೆಂದು ಸುಮ್ಮನಾಗಬಹುದಿತ್ತು. ಜುಲೈ ತಿಂಗಳ ಒಂದು ರಾತ್ರಿ ಮಳೆ ಎಡೆಬಿಡದೆ ಸುರಿಯಿತು. ಬೆಳಗ್ಗೆ ಎದ್ದು ನೋಡಿದರೆ ಪಕ್ಕದ ಮನೆಯ ಕಾಕೂ ತಮ್ಮ ಬಾಗಿಲಲ್ಲಿ ಕುಳಿತು ಗೋಣಿಚೀಲದಿಂದ ಅಕ್ಕಿ ತೆಗೆದು ಹರಡುತ್ತಿದ್ದಾರೆ. ಹಿಂದೆ ಒದ್ದೆ ಹಾಸಿಗೆ. ನಮ್ಮ ಅಂಗಳದ ಇಳಿಜಾರು ಅವರ ಗೋಡೆಯ ಕಡೆಗಿತ್ತು. ಮಣ್ಣಿದ್ದಾಗ ನೆಲವೇ ಕುಡಿಯುತ್ತಿದ್ದ ನೀರು ಈಗ ಗೋಡೆಯ ಬುಡದ ಸಂದಿಯಿಂದ ನೇರ ಅವರ ಅಡಿಗೆಮನೆಗೆ ನುಗ್ಗಿತ್ತು.

ನಾವು ಈ ಮನೆಗೆ ಬಂದ ಮೊದಲ ದಿನ, ಒಲೆ ಹೊತ್ತಿಸುವ ಮೊದಲೇ ಭಾಕರಿ, ಪಿಠಲ ತಂದಿಟ್ಟವರು ಆ ಕಾಕೂ. ಅಂದು ಅವರು ನಮಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಕ್ಷಮೆ ಕೇಳಲು ಹೋದಾಗ ನಮ್ಮ ಮರಾಠಿ ಎಂದಿಗಿಂತ ಹೆಚ್ಚು ತಡವರಿಸಿತು. “ನೀರಿಗೆ ಯಾವ ಗೋಡೆ ಯಾರದೆಂದು ಗೊತ್ತಾಗುತ್ತದೆಯೇ?” ಎಂದಷ್ಟೇ ಹೇಳಿ ಒಳಗೆ ಹೋದರು.

ನಿಜ, ನೀರಿಗೆ ಗೊತ್ತಾಗದು. ಆದರೆ ನಮಗೆ ಗೊತ್ತಿರಬೇಕಿತ್ತು. ಘಣಸೋಲಿಯ ನೆಲದ ಸ್ವಭಾವವನ್ನು ತುಸು ಯೋಚಿಸಿದರೂ ಸಾಕಿತ್ತು. ಪೂರ್ವಕ್ಕೆ ಪಾರಸಿಕ ಗುಡ್ಡ, ಪಶ್ಚಿಮಕ್ಕೆ ಠಾಣೆಯ ಖಾಡಿ. ನಡುವೆ ಈ ಊರು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿ ಬೆಳೆಯತೊಡಗಿದ ಮೇಲೆ ಖಾಡಿಯ ಕಡೆಯ ಎಷ್ಟೋ ತಗ್ಗು ನೆಲಕ್ಕೆ ಮಣ್ಣು, ಮುರುಮು ತುಂಬಿಸಿ ಎತ್ತರಿಸಲಾಯಿತು. ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುವುದುಂಟು. ಅದರ ಮೇಲೆ ಮಳೆಯೋ, ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಸುರಿದುದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಅಷ್ಟೇಕೆ, ಸಾಧಾರಣ ಜಡಿಮಳೆಯ ದಿನ 100 ಮಿಲಿಮೀಟರು ಬಿದ್ದರೂ ನಮ್ಮ ಪುಟ್ಟ ಅಂಗಳದ ಮೇಲೆ ಬೀಳುವ ನೀರು ಸುಮಾರು 1,100 ಲೀಟರು, ಅಂದರೆ ಎಪ್ಪತ್ತಕ್ಕೂ ಹೆಚ್ಚು ಕೊಡ. ಅಷ್ಟನ್ನು ತಂದು ನೆರೆಯವರ ಅಡಿಗೆಮನೆಗೆ ಸುರಿದಂತಾಯಿತಲ್ಲವೇ!

ಮಳೆ ನಿಂತ ಮೇಲೆ ಕಲಬುರಗಿ ಕಡೆಯ ಗೌಂಡಿಯೊಬ್ಬನನ್ನು ಕರೆಸಿದೆವು. ಬ್ಲಾಕುಗಳು ಕೆಟ್ಟವೆಂದು ನಾವು ದೂರಿದಾಗ ಅವನು ನಕ್ಕ. “ಕಲ್ಲಿಂದೇನ್ ಅದರಿ ಸಾಹೇಬ್ರ, ಎಲ್ಲಾ ತಳದಾಗ ಅದ” ಎಂದ. ಹಾಗೆಯೇ ಮಾಡಿ ತೋರಿಸಿದ. ಅವೇ ಬ್ಲಾಕುಗಳನ್ನು ಎಬ್ಬಿಸಿ ಒಂದು ಕಡೆ ಪೇರಿಸಿಟ್ಟ. ಒಂಬತ್ತು ಹತ್ತು ಅಂಗುಲ ಆಳಕ್ಕೆ ಮಣ್ಣು ತೆಗೆದು, ತಳಕ್ಕೆ ನೀರು ಚಿಮುಕಿಸಿ ದಿಮ್ಮಸು ಹೊಡೆದ. ಆರು ಅಂಗುಲ ಜಲ್ಲಿ ಮತ್ತು ಜಲ್ಲಿಪುಡಿಯನ್ನು ಒಂದೇ ಸಲ ಸುರಿಯದೆ ಮೂರು ಮೂರು ಅಂಗುಲದ ಎರಡು ಪದರ ಮಾಡಿ, ಪ್ರತಿಯೊಂದನ್ನೂ ಬಾಡಿಗೆಯ ಯಂತ್ರದಿಂದ ಅದುಮಿಸಿದ. ಒಟ್ಟಿಗೆ ಸುರಿದರೆ ಮೇಲುಭಾಗ ಮಾತ್ರ ಗಟ್ಟಿಯಾಗಿ ಅಡಿ ಸಡಿಲವೇ ಉಳಿಯುತ್ತದೆಂದು ಅವನ ವಿವರಣೆ. ಅದರ ಮೇಲೆ ಒಂದೇ ಅಂಗುಲ ಮರಳು. ಮರಳಿನ ಮೇಲೆ ಬ್ಲಾಕು. ಸುತ್ತಲೂ ಸಿಮೆಂಟಿನ ಅಂಚು ಕಟ್ಟಿದ, ಇಲ್ಲದಿದ್ದರೆ ಬ್ಲಾಕುಗಳು ಒಂದನ್ನೊಂದು ತಳ್ಳುತ್ತ ಹೊರಗೆ ಸರಿಯುತ್ತವೆ. ಕೊನೆಗೆ ಸಂದುಗಳಿಗೆಲ್ಲ ಒಣ ಮರಳು ಗುಡಿಸಿ ತುಂಬಿದ.

ಇನ್ನು ಇಳಿಜಾರು, ಮೇಸ್ತ್ರಿಗಳ ಮಾತಿನಲ್ಲಿ ವಾಟ. ಒಂದು ಅಡಿಗೆ ಕಾಲು ಅಂಗುಲದಂತೆ, ಹತ್ತಡಿಗೆ ಎರಡೂವರೆ ಅಂಗುಲ ಇಳಿಸಿ, ಮನೆಯ ಗೋಡೆಯಿಂದ ಹಿಂದಿನ ಕಾಲುವೆಗೆ ನೀರು ಹೋಗುವಂತೆ ಮಾಡಿದ. ಆ ಕಾಲುವೆಯನ್ನು ಬೀದಿಯ ಮಳೆನೀರಿನ ಗಟಾರಕ್ಕೆ ಕೂಡಿಸಿದ. ಅಂಗಳದ ಮಟ್ಟ ಮನೆಯ ನೆಲಕ್ಕಿಂತ ಆರು ಅಂಗುಲ ಕೆಳಗಿರಲಿ ಎಂದ. ಕಾಕೂ ಅವರ ಗೋಡೆಯ ಉದ್ದಕ್ಕೂ ಒಂದೂವರೆ ಅಡಿ ಅಗಲ ಬರೀ ಮಣ್ಣನ್ನೇ ಬಿಡಿಸಿದೆವು. ಈಗ ಅಲ್ಲಿ ಕರಿಬೇವು, ದಾಸವಾಳ ಇವೆ. ನಲ್ಲಿಯ ಕೆಳಗೆ ಮಾತ್ರ ಬಟ್ಟೆ ಒಗೆಯಲು ಒಂದು ಶಹಾಬಾದ್ ಫರಸಿ. ಅದು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು, ಗೌಂಡಿಯ ಊರ ಕಡೆಯದು. ಅವನಂತೆಯೇ, ನಮ್ಮಂತೆಯೇ ಹೊಟ್ಟೆಪಾಡಿಗೆ ಮುಂಬಯಿಗೆ ಬಂದದ್ದು! ಗೃಹಿಣಿಯರು ಇದೊಂದನ್ನು ನೆನಪಿಡಬೇಕು: ಅದನ್ನು ಆಸಿಡ್ ಹಾಕಿ ತೊಳೆಯಬಾರದು, ಸುಣ್ಣಕಲ್ಲನ್ನು ಆಮ್ಲ ತಿನ್ನುತ್ತದೆ. ಮಳೆಗಾಲದ ಪಾಚಿಗೆ ಗಟ್ಟಿ ಬ್ರಷ್ಷಿನಿಂದ ಆಗಾಗ ಉಜ್ಜುವುದೇ ಒಳ್ಳೆಯದು.

ಇದೆಲ್ಲ ಕೇಳಿದಾಗ ನಮಗೆ ನೆನಪಾದದ್ದು ಕರಾವಳಿಯ ಅಜ್ಜನ ಮನೆ. ಮಳೆ ಹೋದೊಡನೆ ಅಂಗಳ ಕೆತ್ತಿ, ಮಟ್ಟ ಮಾಡಿ, ಬಡಿದು ಗಟ್ಟಿ ಮಾಡಿ, ಸೆಗಣಿ ಸಾರಿಸಿ ಅಡಿಕೆ ಹರಡುತ್ತಿದ್ದರು. ಸುತ್ತ ನೀರು ಹೋಗಲು ಕಣಿ ತೆಗೆಯದೆ ಯಾರೂ ಬಿಡುತ್ತಿರಲಿಲ್ಲ. ಹೆಸರು ಪೇವರ್ ಎಂದಾದರೇನು, ವಿದ್ಯೆ ಹಳೆಯದೇ.

ಮಿನ್ನೆಸೋಟಾದಲ್ಲಿಯೂ ಶತ್ರು ನೀರೇ, ವೇಷ ಬೇರೆ. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು ಒಂಬತ್ತು ಪಾಲು ಹಿಗ್ಗುತ್ತದೆ. ಅದಕ್ಕಿಂತ ದೊಡ್ಡ ಉಪದ್ರವವೆಂದರೆ, ನುಣುಪು ಮಣ್ಣಿನಲ್ಲಿ ಮಂಜುಗಡ್ಡೆಯು ಕೆಳಗಿನ ತೇವವನ್ನು ಮೇಲಕ್ಕೆ ಎಳೆದುಕೊಂಡು ಪದರ ಪದರವಾಗಿ ಬೆಳೆಯುತ್ತದೆ. ಮೇಲಿನ ಕಲ್ಲನ್ನು ಎತ್ತಿಬಿಡುತ್ತದೆ. ವಸಂತದಲ್ಲಿ ಕರಗಿದಾಗ ಕಲ್ಲು ಒಂದೊಂದು ಕಡೆ ಒಂದೊಂದು ಬಗೆಯಾಗಿ ಕೂರುತ್ತದೆ. ಆ ರಾಜ್ಯದ ಕಟ್ಟಡ ನಿಯಮದಂತೆ ಮನೆಯ ಅಡಿಪಾಯ ದಕ್ಷಿಣದಲ್ಲಿ 42 ಅಂಗುಲ, ಉತ್ತರದಲ್ಲಿ 60 ಅಂಗುಲ ಆಳಕ್ಕೆ ಹೋಗಬೇಕು ಎಂದರೆ ಚಳಿ ನೆಲದೊಳಗೆ ಎಷ್ಟು ಇಳಿಯುತ್ತದೆಂದು ಊಹಿಸಿಕೊಳ್ಳಿ. ಹಿತ್ತಲ ಹಾಸುಗಲ್ಲಿಗೆ ಅಷ್ಟು ಆಳ ಬೇಡ. ಆದರೆ ನೀರು ನಿಲ್ಲದ ಜಲ್ಲಿಯ ದಪ್ಪ ತಳ ಬೇಕೇ ಬೇಕು. ಅದಕ್ಕೇ ಆ ಮೂರನೆಯವನು ಬಣ್ಣ ಬಿಟ್ಟು ಮಣ್ಣು ನೋಡಿದ್ದು.

ಆದುದರಿಂದ ಕೆಲಸ ಒಪ್ಪಿಸುವ ಮೊದಲು, ಇಲ್ಲಾಗಲಿ ಅಲ್ಲಾಗಲಿ, ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಆಳ ಅಗೆಯುತ್ತೀರಿ? ತಳಕ್ಕೆ ಏನು ಹಾಕಿ, ಎಷ್ಟು ಪದರದಲ್ಲಿ ಅದುಮುತ್ತೀರಿ? ಅಂಚನ್ನು ಯಾವುದು ಹಿಡಿಯುತ್ತದೆ? ನೀರು ಎಲ್ಲಿಗೆ ಹೋಗುತ್ತದೆ? ಉತ್ತರಗಳನ್ನು ಕಾಗದದಲ್ಲಿ ಬರೆಸಿಕೊಳ್ಳಿ. ತಳ ಮುಚ್ಚುವ ಮೊದಲು ನೀವೇ ನಿಂತು ನೋಡಿ. ಮುಚ್ಚಿದ ಮೇಲೆ ನೋಡುವುದಕ್ಕೆ ಏನೂ ಇರುವುದಿಲ್ಲ. ಕೊನೆಯ ಕಂತನ್ನು ನೀರು ಹರಿದು ತೋರಿಸಿದ ಮೇಲೆಯೇ ಕೊಡಿ. ಇನ್ನೊಂದು ಮಾತು: ನೆಲಕ್ಕೆ ಕಲ್ಲು ಹಾಸುವುದು ಬೇರೆ, ತೆರೆದ ಜಾಗಕ್ಕೆ ಮಾಡು ಕಟ್ಟುವುದು ಬೇರೆ. ಎರಡನೆಯದಕ್ಕೆ ನಗರಪಾಲಿಕೆಯ ಅನುಮತಿ ಪಡೆಯದೆ ಕೈಹಾಕಬಾರದು.

ನಮ್ಮ ಗೌಂಡಿಗೆ ಕೊನೆಯ ಹಣ ಕೊಡುವ ದಿನ ಕಾಕೂ ಅವರನ್ನು ಕರೆದೆವು. ಬಕೆಟು ಅವರ ಕೈಗೇ ಕೊಟ್ಟು, ಎಲ್ಲಿ ಬೇಕಾದರೂ ಸುರಿಯಿರಿ ಎಂದೆವು. ತಮ್ಮ ಗೋಡೆಯ ಹತ್ತಿರವೇ ನಿಂತು ಸುರಿದರು. ನೀರು ಅರೆಗಳಿಗೆ ಯೋಚಿಸಿದಂತೆ ಮಾಡಿ, ತಿರುಗಿ, ಹಿಂದಿನ ಕಾಲುವೆಗೆ ಇಳಿದುಹೋಯಿತು. ಅವರು ಇನ್ನೊಂದು ಬಕೆಟು ಕೇಳಿದರು. ಅದೂ ಇಳಿದ ಮೇಲೆ, “ಇನ್ನು ಚಹಾ ಮಾಡಿ” ಎಂದರು.

ಅಕ್ಕನ ಮಗ ಮಣ್ಣು ನೋಡಿದವನಿಗೇ ಕೆಲಸ ಕೊಟ್ಟನಂತೆ. ಮುಗಿದ ದಿನ ಪಕ್ಕದ ಮನೆಯವರನ್ನು ಕರೆದು ಒಂದು ಬಕೆಟು ನೀರು ಸುರಿಸು ಎಂದು ಹೇಳಿದ್ದೇವೆ. ವಾಚಕರಲ್ಲಿ ಯಾರಿಗಾದರೂ ಅಂಗಳದ ಇಂಥ ಅನುಭವವಿದ್ದರೆ ಬರೆದು ಕಳುಹಿಸಿ. ಮಳೆಗಾಲಕ್ಕೆ ಮುಂಚಿನ ಸಂಚಿಕೆಯಲ್ಲಿ ಎಲ್ಲರಿಗೂ ಉಪಯೋಗವಾದೀತು.