ಎತ್ತಿಗೆ ಜ್ವರ, ಎಮ್ಮೆಗೆ ಬರೆ!

ಗೆಳೆಯರೇ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಡೆಯುವ ಒಂದು ನ್ಯಾಯವನ್ನು ನೋಡಿ. ಫ್ಲ್ಯಾಟಿನ ಮಾಲೀಕ ಯಾವುದೋ ದೇಶದಲ್ಲಿ ಕೂತು ವರ್ಷಗಟ್ಟಲೆ ನಿರ್ವಹಣೆ ಹಣ ಕಟ್ಟುವುದಿಲ್ಲ. ಸಂಘದವರು ಅವನ ಕೂದಲೂ ಕೊಂಕಿಸುವುದಿಲ್ಲ, ನೇರವಾಗಿ ಬಂದು ನಲ್ಲಿ ಮುಚ್ಚುತ್ತಾರೆ. ಬಾಯಾರುವವರು ಯಾರು? ಅಮ್ಮತ್ತಿಯಿಂದಲೋ ಹಾವೇರಿಯಿಂದಲೋ ಕೆಲಸಕ್ಕೆ ಬಂದು, ತಿಂಗಳು ತಪ್ಪದೆ ಬಾಡಿಗೆ ಎಣಿಸುವ ನಮ್ಮ ಹುಡುಗ, ನಮ್ಮ ಹುಡುಗಿ!

ಅಮ್ಮತ್ತಿಯ ಹೆಸರು ಸುಮ್ಮನೆ ಎತ್ತಿದ್ದಲ್ಲ. ವಿರಾಜಪೇಟೆ ತಾಲ್ಲೂಕಿನ ಆ ಕಾಫಿ ಸೀಮೆಯಲ್ಲಿ ಕೊಡವ ಒಕ್ಕಗಳ ಐನ್‌ಮನೆಗಳಿವೆ. ಐನ್‌ಮನೆ ಒಬ್ಬನದಲ್ಲ, ಇಡೀ ಒಕ್ಕದ್ದು. ಹೆಂಚು ಒಡೆದರೂ ತೊಲೆಗೆ ಗೆದ್ದಲು ಹಿಡಿದರೂ ಖರ್ಚು ಎಲ್ಲರದು. ಪಾಲು ಕೊಡದೆ ಜಾರಿಕೊಳ್ಳುವವರು ಅಲ್ಲೂ ಇರುತ್ತಾರೆ. ಆದರೆ ಕೈಲ್‌ಪೊಳ್ದಿಗೋ ಪುತ್ತರಿಗೋ ಊರಿಗೆ ಬಂದಾಗ ಹಿರಿಯರ ಮುಖ ನೋಡಲೇಬೇಕಲ್ಲ! ಆ ನಾಚಿಕೆಯೇ ಅರ್ಧ ವಸೂಲಿ.

ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವನ ಹೆಸರೇ ಗೊತ್ತಿರುವುದಿಲ್ಲ. ಅಲ್ಲಿ ನಾಚಿಕೆ ಕೆಲಸ ಮಾಡದು, ಕಾನೂನು ಬೇಕು. ಕಾನೂನು ಇದೆಯೇ? 50 ವರ್ಷಕ್ಕೂ ಹಿಂದಿನಿಂದ ಇದೆ!

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಗೆ ಒಳಪಟ್ಟ ಕಟ್ಟಡದಲ್ಲಿ, ಕಟ್ಟದೆ ಉಳಿದ ಹಣ ಆ ಫ್ಲ್ಯಾಟಿನ ಮೇಲೆಯೇ ಋಣಭಾರವಾಗಿ ಕೂರುತ್ತದೆ. ತೆರಿಗೆ ಮತ್ತು ಮೊದಲ ಅಡಮಾನದ ಸಾಲ ಬಿಟ್ಟರೆ ಸಂಘದ ಬಾಕಿಯೇ ಮುಂದು. ಮಾಲೀಕ ಫ್ಲ್ಯಾಟು ಮಾರಿದರೆ ಹಳೆಯ ಬಾಕಿಗೆ ಕೊಂಡವನೂ ಹೊಣೆ. ‘ನಾನು ಲಿಫ್ಟು ಹತ್ತುವುದಿಲ್ಲ, ಮನೆಗೆ ಬೀಗ ಹಾಕಿದ್ದೇನೆ’ ಎಂಬ ಸಬೂಬೂ ನಡೆಯುವುದಿಲ್ಲ. ಸಹಕಾರ ಸಂಘವಾಗಿದ್ದರೆ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಂತೆ ರಿಜಿಸ್ಟ್ರಾರರ ಮುಂದೆ ಹೋಗಬಹುದು.

ಇಷ್ಟು ಬಲ ಕೈಯಲ್ಲಿದ್ದೂ ಸಂಘದವರು ನಲ್ಲಿಯ ಕಡೆಗೇ ಓಡುವುದೇಕೆ? ಕೋರ್ಟಿಗೆ ಹೋದರೆ ಲೆಕ್ಕದ ಪುಸ್ತಕ ತೆರೆದಿಡಬೇಕು. ನಲ್ಲಿ ಮುಚ್ಚಲು ಒಂದು ಸ್ಪ್ಯಾನರ್ ಸಾಕು!

ಕರೆಂಟು ಕೊಡುವ ಬೆಸ್ಕಾಂ ಕೂಡ ಬಿಲ್ಲು ಕಟ್ಟದವನ ಸಂಪರ್ಕ ಕಡಿಯುವ ಮೊದಲು, 2003ರ ವಿದ್ಯುತ್ ಕಾಯ್ದೆಯಂತೆ, 15 ದಿನಗಳ ಲಿಖಿತ ನೋಟಿಸು ಕೊಡಬೇಕು. ಸರ್ಕಾರಿ ಕಂಪನಿಗೇ ಇಲ್ಲದ ದರ್ಬಾರು ಸಂಘದ ಕಾರ್ಯದರ್ಶಿಗೆ ಎಲ್ಲಿಂದ ಬಂತು? ನೀರು ಬದುಕುವ ಹಕ್ಕಿನ ಭಾಗವೆಂದು ನ್ಯಾಯಾಲಯಗಳೇ ಹೇಳಿವೆ. ಅದು ವಸೂಲಿಯ ಲಾಠಿಯಲ್ಲ.

ಹಾಗೆಂದು ಬಾಕಿದಾರನ ಬೆನ್ನು ತಟ್ಟಬೇಕಿಲ್ಲ. ಅವನು ಉಳಿಸಿಕೊಂಡ ದುಡ್ಡು ಕಾವಲುಗಾರನ ಸಂಬಳ, ಕಸ ಗುಡಿಸುವ ತಾಯಿಯ ಕೂಲಿ. ಅವನು ಕಟ್ಟದ್ದನ್ನು ಪಕ್ಕದ ಮನೆಯವರು ಹೊರಬೇಕು. ಸಂಘ ಅವನಿಗೆ ನೋಟಿಸು ಕೊಡಲಿ, ದಾವೆ ಹೂಡಲಿ, ಫ್ಲ್ಯಾಟಿನ ಮೇಲಿನ ಋಣಭಾರದಿಂದ ಪೈಸೆ ಬಿಡದೆ ವಸೂಲು ಮಾಡಲಿ. ಬಾಡಿಗೆಯವರ ಕೊಡ ಮಾತ್ರ ಮುಟ್ಟದಿರಲಿ!

ಅದಕ್ಕೂ ಮೊದಲು ಲೆಕ್ಕ ಬಯಲಾಗಲಿ. ತಿಂಗಳ ಜಮಾ-ಖರ್ಚು ಕನ್ನಡದಲ್ಲಿ ಗೇಟಿನ ಬಳಿಯ ಬೋರ್ಡಿಗೆ ಬರಲಿ. ನಾಲ್ಕು ಪುಟದ ಇಂಗ್ಲಿಷ್ ನೋಟಿಸು ಅಂಟಿಸಿ ‘ಓದಿಕೊಳ್ಳಿ’ ಎಂದರೆ ನಿವೃತ್ತ ಮೇಷ್ಟರು ಯಾವ ಲೆಕ್ಕ ನಂಬಿ ದುಡ್ಡು ಕೊಡಬೇಕು? ಓದಿದರೆ ತಿಳಿಯುವ ಲೆಕ್ಕಕ್ಕೆ ಜನ ತಕರಾರಿಲ್ಲದೆ ಕಟ್ಟುತ್ತಾರೆ.

ಯುವಕರೇ, ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ನಿರ್ವಹಣೆ ಹಣ ಯಾರು ಕಟ್ಟಬೇಕೆಂದು ಬರೆಸಿಕೊಳ್ಳಿ. ಕಟ್ಟಿದ್ದಕ್ಕೆಲ್ಲ ರಸೀದಿ ಇಟ್ಟುಕೊಳ್ಳಿ. ಫ್ಲ್ಯಾಟು ಕೊಳ್ಳುವವರು ಹಳೆಯ ಬಾಕಿ ಎಷ್ಟೆಂದು ಸಂಘದಿಂದ ಬರಹದಲ್ಲಿ ಪಡೆಯಿರಿ, ಕಾಯ್ದೆ ನಿಮಗೆ ಆ ಹಕ್ಕು ಕೊಟ್ಟಿದೆ. ನಲ್ಲಿ ಮುಚ್ಚಲು ಬಂದವರನ್ನು ಒಂದೇ ಪ್ರಶ್ನೆ ಕೇಳಿ: ಯಾವ ಕಾನೂನಿನ ಪ್ರಕಾರ, ಸ್ವಾಮಿ? ಉತ್ತರವನ್ನು ಬರೆದುಕೊಡಲು ಹೇಳಿ. ಕನ್ನಡದಲ್ಲೇ!