ವಾಲಿದ ಮರಕ್ಕೆ ಮಳೆಗಾಲದವರೆಗೆ ಗಡುವು

ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಗಾಳಿಮಳೆ ಹೊಸದೇನಲ್ಲ. ಪುನರ್ವಸು, ಪುಷ್ಯ ಮಳೆಯಲ್ಲಿ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ನಾಲ್ಕು ದಿನ ಬಿಟ್ಟು ಬರುತ್ತದೆ. ‘ಮಲೆನಾಡಲ್ಲಿ ಇದೆಲ್ಲ ಇದ್ದದ್ದೇ’ ಎನ್ನುವಲ್ಲಿಗೆ ಆ ವರ್ಷದ ಲೆಕ್ಕ ಚುಕ್ತಾ. 2024ರ ಜುಲೈ ಗಾಳಿಯ ನಂತರವೂ ಕೇಳಿಬಂದದ್ದು ಈ ಮಾತೇ. ಹಲವು ಮಳೆಗಾಲ ಕಂಡವರಿಗೆ ಗಾಳಿಗಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಈ ನಿರಾಳ.

ಅಡಿಕೆ ತೋಟದ ಪಡುವಣ ಅಂಚಿಗೆ ಹೋಗಿ ಕಾಂಡಗಳನ್ನು ಗಮನಿಸಿ. ರಸ್ತೆ ಅಗಲಿಸಲೆಂದೋ ಬಗರ್‌ಹುಕುಂ ಸಾಗುವಳಿಗೆಂದೋ ಆ ಬದಿಯ ಕಾಡುಮರ ಕಡಿದಲ್ಲೆಲ್ಲ ಇಳಿಹೊತ್ತಿನ ಬಿಸಿಲು ನೇರವಾಗಿ ಕಾಂಡಕ್ಕೆ ಬಡಿಯುತ್ತದೆ. ಮೊದಲು ಹೊಂಬಣ್ಣದ ಕಲೆ ಕಾಣುತ್ತದೆ, ಅದು ಕಂದಾಗುತ್ತದೆ, ಆಮೇಲೆ ಅಲ್ಲೇ ಉದ್ದುದ್ದ ಸೀಳು ಬಿಡುತ್ತದೆ. ತಲೆ ಹಸಿರಾಗಿಯೇ ಇರುತ್ತದೆ, ಕೊನೆಯೂ ಬರುತ್ತದೆ. ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಯಾವುದೋ ಒಂದು ರಾತ್ರಿಯ ಗಾಳಿಗೆ ಮರ ಮುರಿಯುವುದು ಆ ಸೀಳಿನಲ್ಲೇ. ಮುರಿದ ಅಡಿಕೆ ಮರ ಮತ್ತೆ ಚಿಗುರುವುದಿಲ್ಲ. ಹೊಸ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಅಂಚಿನ ಮರಗಳಿಗೆ ಸೋಗೆ ಕಟ್ಟುವ ರೂಢಿ ಇತ್ತು. ಈಗ ಅದಕ್ಕೆ ಪುರುಸೊತ್ತಿಲ್ಲ, ಆಳೂ ಇಲ್ಲ.

ರಸ್ತೆಬದಿಯ ಕಥೆಯೂ ಇದೇ. ಜೆಸಿಬಿ ದರೆಯನ್ನು ಗೋಡೆಯಂತೆ ಕೊರೆದಲ್ಲಿ ಮೇಲಿನ ಮರದ ಅರ್ಧ ಬೇರು ಹೊರಗೆ ಜೋತಿದೆ. ಬುಡದ ಹಿಂದೆ ಬೆರಳು ತೂರುವಷ್ಟು ಮಣ್ಣು ಬಿರಿದಿದ್ದರೆ ಆ ಮರ ಹೊರಟು ನಿಂತಿದೆ ಎಂದೇ ತಿಳಿಯಬೇಕು. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಗುಡ್ಡಗಳಲ್ಲಿ ಬೆಳೆಸಿದ ಅಕೇಶಿಯಾಕ್ಕೆ ಬೇರು ಮೇಲುಮೇಲೆ, ಕೊಂಬೆ ಪೆಡಸು. ಒಂದು ಮರ ತಂತಿಯ ಮೇಲೆ ಬಿದ್ದರೆ ಆ ಸೆಳೆತಕ್ಕೆ ಅಕ್ಕಪಕ್ಕದ ಕಂಬಗಳೂ ಮುರಿಯುತ್ತವೆ.

ಹಾಗೆ ತಂತಿಗಳ ಮೇಲೆ ಮರ ಉರುಳಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಐರ್ಲೆಂಡನ್ನು ನೋಡಿ. 2025ರ ಜನವರಿ 24ರಂದು ಅಲ್ಲಿಗೆ ಬಡಿದ ಎಯೋವಿನ್ ಚಂಡಮಾರುತ ಗಂಟೆಗೆ 183 ಕಿ.ಮೀ. ವೇಗ ಮುಟ್ಟಿತು. 7,68,000 ಮನೆ, ಅಂಗಡಿ, ಹೊಲಮನೆಗಳಲ್ಲಿ ಕತ್ತಲು ಕವಿಯಿತು. ನೆಡುತೋಪುಗಳು ತಂತಿಗಳ ಮೇಲೆ ಉರುಳಿದ್ದವು. ಪಶ್ಚಿಮದ ಕೆಲವು ಮನೆಗಳಿಗೆ ಎರಡು ವಾರ ಕಳೆದರೂ ವಿದ್ಯುತ್ ಬರಲಿಲ್ಲ. ಬಾವಿಯ ಪಂಪೂ ನಿಂತಿತ್ತು. ನಿಟ್ಟೂರು, ಮೇಗರವಳ್ಳಿ, ಬ್ಯಾಕೋಡಿನ ಒಂಟಿಮನೆಗಳನ್ನು ಆ ಸ್ಥಿತಿಗೆ ತರಲು ಅದರ ಅರ್ಧ ಗಾಳಿ ಸಾಕು. ಕರೆಂಟಿನ ಹಿಂದೆಯೇ ಮೊಬೈಲ್ ಟವರ್ ಸಾಯುತ್ತದೆ. ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಕರೆಯುವುದು ಯಾರನ್ನು?

ವಾಲಿದ ಮರ ಅರಣ್ಯದ್ದೋ, ಕಂದಾಯದ್ದೋ, ಖಾಸಗಿಯೋ ಎಂಬುದು ತೀರ್ಮಾನವಾಗದೆ ಅರ್ಜಿ ಟೇಬಲಿನಿಂದ ಟೇಬಲಿಗೆ ಹೋಗುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಚಾಳಿ ಸಾಕು. ಗಾಳಿಯ ನೆಪದಲ್ಲಿ ಗಟ್ಟಿ ಮರಕ್ಕೆ ಕೊಡಲಿ ಹಾಕುವವರೂ ಇದ್ದಾರೆ; ಅದಕ್ಕೂ ನಮ್ಮ ಒಪ್ಪಿಗೆಯಿಲ್ಲ.

ಮೃಗಶಿರಾ ಹಿಡಿಯುವ ಮೊದಲು ಪಂಚಾಯಿತಿಯವರು, ಅರಣ್ಯ ಸಿಬ್ಬಂದಿ, ಲೈನ್‌ಮ್ಯಾನ್ ಜೊತೆಯಾಗಿ ನಡೆದು ನೋಡಲಿ. ಅಪಾಯದ ಮರಕ್ಕೆ ಅಲ್ಲೇ ಗುರುತು ಬೀಳಲಿ, ತೆರವಿನ ತಾರೀಖೂ ಅಲ್ಲೇ ನಿಗದಿಯಾಗಲಿ. ಮಕ್ಕಳು ಶಾಲೆಗೆ ಹೋಗುವ ಹಾದಿಯಿಂದ ಕೆಲಸ ಶುರುವಾಗಲಿ.